ಸದ್ದಲೇ!

ಕೂಡ್ಲಿಗಿ, ಕೊಟ್ಟೂರಿನ ಗೆಳೆಯರೇ, ಸಿನಿಮಾ ವಿಮರ್ಶಕ ಇಂಟರ್‌ವಲ್‌ನಲ್ಲಾದ್ರೂ ಎದ್ದು ಹೋಗ್ತಾನೆ. ಒಳಗಿನ ವಿಮರ್ಶಕ ಏಳೋದೇ ಇಲ್ಲ. 'ಇದೂ ಒಂದು ಬರವಣಿಗೆನಾ?' ಅಂತ ನನ್ನವನು ರಾತ್ರಿಯೆಲ್ಲ ಗೊಣಗ್ತಾನೆ. ನಿದ್ದೆಯೂ ಇಲ್ಲ, ಬರಹವೂ ಇಲ್ಲ.

ಹಡಗಲಿ ತಾಲ್ಲೂಕಿನ ಮೈಲಾರ ನೋಡಿದ್ದೀರಲ್ಲ? ಭರತ ಹುಣ್ಣಿಮೆ ಜಾತ್ರೆ, ಡೆಂಕನಮರಡಿ. ಉಪವಾಸವಿದ್ದ ಗೊರವಯ್ಯ ಬಿಲ್ಲೇರಿ 'ಸದ್ದಲೇ!' ಅಂತಾನೆ. ಡಮರುಗ, ಪೀಪಿ, ಲಕ್ಷಾಂತರ ಬಾಯಿ, ಎಲ್ಲ ಗಪ್‌ಚಿಪ್! ಆಮೇಲೇ ಕಾರಣಿಕದ ಒಂದು ಸಾಲು. ಭವಿಷ್ಯ ಹಾಗಿರಲಿ, ಅದಕ್ಕೂ ಮುಂಚಿನ ಆ ಮೌನ ನನ್ನನ್ನು ಹಿಡಿದುಬಿಡ್ತು.

1983ರ 'ಕಾಮನಬಿಲ್ಲು' ಚಿತ್ರದಲ್ಲಿ ಯೋಗಾಸನ ಹಾಕಿದಾಗ ಅಣ್ಣಾವ್ರಿಗೆ 50 ದಾಟಿತ್ತು. 'ಈ ವಯಸ್ಸಿಗಾ?' ಅನ್ನೋನು ಅವರೊಳಗೂ ಇದ್ದಿರಬಹುದು.

ಈಗ ಬರೆಯೋಕೆ ಕೂತಾಗ ನಾನೂ ಒಳಗೇ 'ಸದ್ದಲೇ' ಅಂತೀನಿ. ನಿಧಾನಕ್ಕೆ ಎರಡು ಉಸಿರು. ಆಸಾಮಿ ಎದ್ದು ಹೋಗಲ್ಲ, ಗಳಿಗೆ ಸುಮ್ಮನಿರ್ತಾನೆ. ಒಂದು ಸಾಲಿಗೆ ಅಷ್ಟು ಸಾಕು.