ರಕ್ತ ನಿಲ್ಲಿಸಿದರೆ ಕ್ಯಾನ್ಸರ್ ಸಾಯುತ್ತಾ? (ಭಾಗ 9)

ಊರಿನ ಗ್ರೂಪಲ್ಲಿ ಮತ್ತೆ ಅದೇ ಫಾರ್ವರ್ಡ್: ಗಡ್ಡೆಗೆ ಹೋಗುವ ರಕ್ತ ಬಂದ್ ಮಾಡುವ ಔಷಧಿ ಬಂದಿದೆ, ಇನ್ನು ಕ್ಯಾನ್ಸರ್ ಹಸಿದು ಸಾಯುತ್ತೆ ಅಂತ. ಇಲ್ಲಿ ಇಂಗ್ಲೆಂಡಲ್ಲಿ ಈ ಔಷಧಿಗಳನ್ನೇ ಡ್ರಿಪ್‌ನಲ್ಲಿ ಹಾಕೋದು ನನ್ನ ಕೆಲಸ. ಹಾಗಾಗಿ ನೇರವಾಗಿ ಹೇಳ್ತೀನಿ, ಇದು ಅರ್ಧ ಸತ್ಯ. ಆ ಅರ್ಧ ಸತ್ಯ ನಂಬಿ ಅಡಿಕೆ ತೋಟ ಮಾರೋರು ನಮ್ಮವರೇ.

ನಿಜ ಇರುವ ಅರ್ಧ ಮೊದಲು. ಹೊಸ ರಕ್ತನಾಳ ಬೆಳೆಯದಿದ್ದರೆ ಗಡ್ಡೆ ಒಂದೆರಡು ಮಿಲಿಮೀಟರ್ ದಾಟೋದು ಕಷ್ಟ ಅಂತ ಅಮೆರಿಕದ ಸರ್ಜನ್ ಜುಡಾ ಫೋಕ್‌ಮನ್ 1971ರಲ್ಲೇ ಹೇಳಿದ್ದರು. ಆಮ್ಲಜನಕ ಸಾಲದ ಗಡ್ಡೆ ವಿಇಜಿಎಫ್ ಅನ್ನೋ ಪ್ರೋಟೀನ್ ಹೊರಗೆ ಬಿಡುತ್ತೆ. ಹತ್ತಿರದ ರಕ್ತನಾಳದ ಒಳಗೋಡೆಯಲ್ಲಿ ಅದಕ್ಕೊಂದು ರಿಸೆಪ್ಟರ್ ಇರುತ್ತೆ. ಅದನ್ನ ಮನೆಯ ಕಾಲಿಂಗ್ ಬೆಲ್ ಅಂದ್ಕೊಳ್ಳಿ. ಪ್ರೋಟೀನ್ ಬಂದು ಬೆಲ್ ಒತ್ತಿದರೆ ನಾಳ ಕವಲೊಡೆದು ಗಡ್ಡೆ ಕಡೆಗೆ ಬೆಳೆಯುತ್ತೆ. ಆಮೇಲೆ ಗಡ್ಡೆಗೆ ಊಟವೂ ಅದರಿಂದಲೇ, ಬೇರೆ ಅಂಗಕ್ಕೆ ಹರಡೋ ದಾರಿಯೂ ಅದೇ. ಬೆವಾಸಿಜುಮ್ಯಾಬ್ ಇಂಜೆಕ್ಷನ್ ಬೆಲ್ ಒತ್ತುವ ಕೈ ಹಿಡಿಯುತ್ತೆ. ಸೊರಾಫೆನಿಬ್, ಸುನಿಟಿನಿಬ್ ಮಾತ್ರೆಗಳು ಬೆಲ್ಲಿನ ವೈರ್ ಕತ್ತರಿಸುತ್ತವೆ.

ಫಾರ್ವರ್ಡ್ ಹೇಳದ ಅರ್ಧ ಇನ್ನು ಮುಂದಿದೆ. ಹರಡಿದ ದೊಡ್ಡಕರುಳಿನ ಕ್ಯಾನ್ಸರಿಗೆ ಬೆವಾಸಿಜುಮ್ಯಾಬ್ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದಾಗ ಇದ್ದ ಲೆಕ್ಕ ಇದು: ಬರೀ ಕೀಮೋ ತಗೊಂಡವರಲ್ಲಿ ಅರ್ಧ ಜನ 15.6 ತಿಂಗಳು ದಾಟಿದರು, ಇದನ್ನೂ ಸೇರಿಸಿದಾಗ 20.3 ತಿಂಗಳು. ಲಿವರ್ ಕ್ಯಾನ್ಸರಲ್ಲಿ ಸೊರಾಫೆನಿಬ್ 7.9 ತಿಂಗಳನ್ನ 10.7 ಮಾಡಿತು. ಸ್ತನ ಕ್ಯಾನ್ಸರಿಗೆ 2008ರಲ್ಲಿ ಅವಸರವಾಗಿ ಬೆವಾಸಿಜುಮ್ಯಾಬ್‌ಗೆ ಒಪ್ಪಿಗೆ ಕೊಟ್ಟ ಅಮೆರಿಕ, ಆಯಸ್ಸು ಹೆಚ್ಚಿದ್ದು ಕಾಣಲಿಲ್ಲ ಅಂತ 2011ರಲ್ಲಿ ಅದನ್ನ ವಾಪಸ್ ತಗೊಂಡಿತು. ಯಾಕೆ ಹೀಗೆ? ಗಡ್ಡೆ ಒತ್ತೋದಕ್ಕೆ ಬೇರೆ ಬೆಲ್‌ಗಳೂ ಇವೆ. ಒಂದು ಕೆಟ್ಟರೆ ಇನ್ನೊಂದು ಹುಡುಕುತ್ತೆ.

"ಹಾಗಾದ್ರೆ ಕೊಡಿಸೋದೇ ಬೇಡ್ವಾ?" ಅಂತ ಕೇಳ್ತೀರಿ. ನಾನು ಹಾಗಂದಿಲ್ಲ. ಕಿಡ್ನಿ ಕ್ಯಾನ್ಸರಿನ ಸಾಮಾನ್ಯ ಬಗೆಯಲ್ಲಿ ಈ ಬೆಲ್ಲೇ ಮುಖ್ಯ, ಅಲ್ಲಿ ಈ ಮಾತ್ರೆಗಳು ಚಿಕಿತ್ಸೆಯ ದಿಕ್ಕನ್ನೇ ಬದಲಿಸಿವೆ. ಐದು ತಿಂಗಳು ಸಣ್ಣದೂ ಅಲ್ಲ. ಆದರೆ ಕೊಳ್ತಿರೋದು ಐದು ತಿಂಗಳಾ, ಪೂರ್ತಿ ಗುಣವಾ ಅನ್ನೋದು ದುಡ್ಡು ಕೊಡೋರಿಗೆ, ಅದಕ್ಕಿಂತ ಮೊದಲು ರೋಗಿಗೆ, ಗೊತ್ತಿರಬೇಕು.

ನನಗೆ ಸಿಟ್ಟು ಬರೋದು ಇಲ್ಲೇ. ಯಾರಾದರೂ ಮಗ "ಡಾಕ್ಟ್ರೇ, ಇದರಿಂದ ಎಷ್ಟು ತಿಂಗಳು?" ಅಂತ ಕೇಳಿದರೆ ಊರಲ್ಲಿ ಏನಂತೀವಿ? "ಅಪ್ಪನ ಜೀವಕ್ಕಿಂತ ದುಡ್ಡು ಹೆಚ್ಚಾಯ್ತು ನೋಡು." ಈ ಒಂದು ಮಾತಿಗೆ ಹೆದರಿ ಎಷ್ಟೋ ಮನೆಯವರು ಬಾಯಿ ಮುಚ್ಚಿಕೊಂಡು ಸಾಲ ಮಾಡ್ತಾರೆ. ಹಂಗಿಸಿದವರು ಮಾತ್ರ ಆಮೇಲೆ ಬಡ್ಡಿ ಕಟ್ಟೋಕೆ ಬರಲ್ಲ.

ಹಾಗಾಗಿ ನಾಚಿಕೆ ಬಿಟ್ಟು ಕೇಳಿ. ಇದು ಗುಣ ಮಾಡೋದಕ್ಕಾ, ತಡೆದು ನಿಲ್ಲಿಸೋದಕ್ಕಾ? ಇದಿಲ್ಲದೆ ಎಷ್ಟು ದಿನ, ಇದ್ದರೆ ಎಷ್ಟು? ಕಡಿಮೆ ಬೆಲೆಯ ಜೆನೆರಿಕ್ ಇದೆಯಾ? ಕೊನೆಯದನ್ನ ಮರೀಬೇಡಿ. 2012ರಲ್ಲಿ ಭಾರತ ಸರ್ಕಾರ ಕಡ್ಡಾಯ ಲೈಸೆನ್ಸ್ ಕೊಟ್ಟಾಗ ತಿಂಗಳಿಗೆ ಸುಮಾರು 2.8 ಲಕ್ಷ ಇದ್ದ ಸೊರಾಫೆನಿಬ್‌ನ ಜೆನೆರಿಕ್ 8,880 ರೂಪಾಯಿಗೆ ಬಂತು.

ಈಗಾಗಲೇ ತಗೊಳ್ತಿರೋರು ಬಿಪಿ ತಪ್ಪದೆ ನೋಡಿಸಿ, ಮೂತ್ರ ಪರೀಕ್ಷೆ ಬಿಡಬೇಡಿ. ಒಳ್ಳೆಯ ರಕ್ತನಾಳಕ್ಕೂ ಅದೇ ಬೆಲ್ ಬೇಕು, ಅದಕ್ಕೇ ಬಿಪಿ ಏರುತ್ತೆ, ಗಾಯ ಬೇಗ ಮಾಯಲ್ಲ. ಹಲ್ಲು ಕೀಳಿಸೋದಿದ್ದರೂ ಮೊದಲು ಕ್ಯಾನ್ಸರ್ ಡಾಕ್ಟರಿಗೆ ಹೇಳಿ. ಫಾರ್ವರ್ಡ್ ನೋಡಿ ಮಾತ್ರೆ ನಿಲ್ಲಿಸೋದೂ ಬೇಡ, ಶುರು ಮಾಡೋದೂ ಬೇಡ.

ಗ್ರೂಪಿನ ಹಿರಿಯರಲ್ಲಿ ಒಂದೇ ವಿನಂತಿ: ಆ ಮೆಸೇಜ್ ಇನ್ನೊಬ್ಬರಿಗೆ ಕಳಿಸೋ ಮೊದಲು, ಪ್ರಶ್ನೆ ಕೇಳೋ ಮಕ್ಕಳನ್ನ ಹಂಗಿಸೋದು ನಿಲ್ಲಿಸಿ.