ಕಿಡಿಯ ಮುಂಗಡ ಯಾರ ಕೈಯಲ್ಲಿರಬೇಕು?



ಈ ಪುಟದಲ್ಲಿ ನಾವು ಸಾಮಾನ್ಯವಾಗಿ ಧಾರಣೆ, ಗೊಬ್ಬರ, ಕೊಳೆರೋಗಗಳ ವಿಷಯ ಬರೆಯುವವರು. ಈ ಸಲ ಮೋಟಾರು ಕಾರಿನ ವಿಷಯ ಬರೆಯುತ್ತಿರುವುದಕ್ಕೆ ಕಾರಣವಿದೆ. ನಮ್ಮ ಹಳೆಯ ಅಂಬಾಸಿಡರ್ ಕಾರಿಗೆ ಫೋನಿನಿಂದ ಹೊಂದಿಸುವ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಹಾಕಿಸಿದ ಸುದ್ದಿ ಹೇಗೋ ಹಬ್ಬಿದೆ. ಸಂಘದ ಕಚೇರಿಗೆ ಗೊಬ್ಬರದ ಇಂಡೆಂಟ್ ಕೊಡಲು ಬಂದವರೂ "ಅದೇನದು, ನಾವೂ ಹಾಕಿಸಬಹುದೇ?" ಎಂದು ಕೇಳುತ್ತಾರೆ. ನಮ್ಮ ಭಾಗದ ಮನೆಗಳ ಶೆಡ್ಡುಗಳಲ್ಲಿ ಅಂಬಾಸಿಡರ್, ಫಿಯೆಟ್, ಪೆಟ್ರೋಲ್ ಜೀಪುಗಳು ಇನ್ನೂ ಉಳಿದಿರುವುದರಿಂದ ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಹೇಳುವ ಬದಲು ಎಲ್ಲರಿಗೂ ಒಂದೇ ಸಲ ಹೇಳಿಬಿಡುವುದು ಮೇಲು. ಹಾಕಿಸಬಹುದು. ಆದರೆ ಮೂರು ಷರತ್ತುಗಳಿವೆ. ಅವು ಯಾವುವು, ಏಕೆ ಎಂಬುದೇ ಈ ಬರಹ.

ನಮ್ಮದು 1972ರ ಮಾರ್ಕ್ 2 ಅಂಬಾಸಿಡರ್. ಕಾಫಿಯನ್ನೆಲ್ಲ ಮಂಡಳಿಯ ಪೂಲ್‌ಗೆ ಕೊಟ್ಟು, ಕಂತುಕಂತಾಗಿ ಬರುವ ಹಣಕ್ಕೆ ಕಾಯುತ್ತಿದ್ದ ಕಾಲದಲ್ಲಿ ನಮ್ಮ ತಂದೆಯವರು ಅಂಥದೊಂದು ಕಂತು ಬಂದಾಗ ಕೊಂಡದ್ದು. ಪೂಲ್ ಪದ್ಧತಿ 1996ರ ಹೊತ್ತಿಗೆ ಪೂರ್ತಿ ಮುಗಿಯಿತು. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಕಾರು ಮಾತ್ರ ಇನ್ನೂ ಓಡುತ್ತಿದೆ.

2009ರ ಆಷಾಢದ ಒಂದು ರಾತ್ರಿಯನ್ನು ನಾವು ಮರೆತಿಲ್ಲ. ಲೈನ್ ಮನೆಯ ಹೆಣ್ಣುಮಗಳೊಬ್ಬಳಿಗೆ ಹೆರಿಗೆ ನೋವು ಬಂದು, ಕಾರಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಕೇಂದ್ರಕ್ಕೆ ಹೊರಟಿದ್ದೆವು. ಏರಿನಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು. ಮಳೆಯೆಂದರೆ ಮಳೆ. ನಮ್ಮ ಹಳೆಯ ಡ್ರೈವರ್ ಬಾನೆಟ್ ಎತ್ತಿ, ಟಾರ್ಚನ್ನು ನಮ್ಮ ಕೈಗೆ ಕೊಟ್ಟು, ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಬನಿಯನ್ನಿನ ಅಂಚಿನಿಂದ ಒರೆಸಿದ. ಬೆಂಕಿಪೊಟ್ಟಣದ ಮದ್ದಿನ ಪಟ್ಟಿಯಿಂದ ಪಾಯಿಂಟ್ ಉಜ್ಜಿದ. ಅದೇ ಪೊಟ್ಟಣದ ರಟ್ಟನ್ನು ಅಳತೆಗೆ ಇಟ್ಟು ಸಂದು ಸರಿಮಾಡಿದ. ಹತ್ತು ನಿಮಿಷದಲ್ಲಿ ಇಂಜಿನ್ ಎದ್ದಿತು. ಮಗು ಆಸ್ಪತ್ರೆಯಲ್ಲೇ ಹುಟ್ಟಿತು. ಮರುದಿನ ನಾವು ಶಹಭಾಸ್ ಎಂದಾಗ ಅವನು ಹೇಳಿದ ಮಾತು ಇದು: "ನಿನ್ನೆ ಹೊರಟಿತು ಅಯ್ಯಾ. ಇನ್ನೊಂದು ಸಲವೂ ಹೊರಡುತ್ತೆ ಅಂತ ನಾನು ಹೇಳುವುದಿಲ್ಲ."

ಈ ಘಟನೆಯಿಂದ ಎರಡು ಪಾಠ ಸಿಗುತ್ತವೆ. ಪಾಯಿಂಟ್ ಇದ್ದದ್ದರಿಂದಲೇ ಕಾರು ನಿಂತಿತು ಎಂಬುದು ಒಂದು. ಪಾಯಿಂಟ್ ಇದ್ದದ್ದರಿಂದಲೇ ಬೆಂಕಿಪೊಟ್ಟಣದಿಂದ ರಿಪೇರಿಯಾಯಿತು ಎಂಬುದು ಇನ್ನೊಂದು. ಹೊಸ ಯಂತ್ರವನ್ನು ಹೊಗಳುವವರು ಮೊದಲನೆಯದನ್ನೂ, ತೆಗಳುವವರು ಎರಡನೆಯದನ್ನೂ ಮಾತ್ರ ಹೇಳುತ್ತಾರೆ. ಎರಡೂ ನಿಜವೆಂದು ಒಪ್ಪಿಕೊಂಡೇ ನಾವು ಮುಂದುವರಿಯಬೇಕು.

ಪಾಯಿಂಟ್ ಪದ್ಧತಿ ಅಮೆರಿಕದ ಚಾರ್ಲ್ಸ್ ಕೆಟೆರಿಂಗ್ ಎಂಬ ಎಂಜಿನಿಯರ್ 1910ರ ಸುಮಾರಿಗೆ ಕ್ಯಾಡಿಲಾಕ್ ಕಾರುಗಳಿಗೆ ರೂಪಿಸಿಕೊಟ್ಟದ್ದು. ಬ್ಯಾಟರಿಯ ವಿದ್ಯುತ್ತು ಕಾಯಿಲ್ ಮೂಲಕ ಹರಿಯುತ್ತಿರುವಾಗ ಪಾಯಿಂಟ್ ತೆರೆದು ಅದನ್ನು ಥಟ್ಟನೆ ಕಡಿಯುತ್ತದೆ. ಆ ಕ್ಷಣ ಕಾಯಿಲಿನಲ್ಲಿ ಸಾವಿರಾರು ವೋಲ್ಟಿನ ಒತ್ತಡ ಹುಟ್ಟಿ ಪ್ಲಗ್ಗಿನಲ್ಲಿ ಕಿಡಿ ಹಾರುತ್ತದೆ. ಅಂಬಾಸಿಡರಿನಂಥ ನಾಲ್ಕು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಪಾಯಿಂಟ್ ನಿಮಿಷಕ್ಕೆ 6000 ಸಲ, ಅಂದರೆ ಸೆಕೆಂಡಿಗೆ 100 ಸಲ ತೆರೆದು ಮುಚ್ಚಬೇಕು. ಸಂದು ಇರಬೇಕಾದದ್ದು ಸುಮಾರು 0.4 ಮಿಲಿಮೀಟರ್. ಪಾಯಿಂಟಿನ ಹಿಮ್ಮಡಿ ಸವೆದಂತೆ ಸಂದು ಕಿರಿದಾಗುತ್ತದೆ. ಸಂದು ಬದಲಾದರೆ ಕಿಡಿಯ ಸಮಯವೂ ಬದಲಾಗುತ್ತದೆ.

ಈ ಸಮಯದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೆಟ್ರೋಲ್ ಆವಿ ಸಿಡಿಯುವುದಿಲ್ಲ, ಉರಿಯುತ್ತದೆ. ಉರಿಯಲು ಸಮಯ ಬೇಕು. ಆದ್ದರಿಂದ ಪಿಸ್ಟನ್ ತುದಿ ಮುಟ್ಟುವುದಕ್ಕೆ ಸ್ವಲ್ಪ ಮೊದಲೇ ಕಿಡಿ ಕೊಡಬೇಕು. ಇದನ್ನೇ ಅಡ್ವಾನ್ಸ್ ಎನ್ನುವುದು. ಸಹಕಾರ ಸಂಘದವರಿಗೆ 'ಮುಂಗಡ' ಎಂದರೆ ಬೇಗ ಅರ್ಥವಾದೀತು. ದೃಷ್ಟಾಂತಕ್ಕೆ ಉರಿಯಲು ಸೆಕೆಂಡಿನ ಸಾವಿರದ ಎರಡು ಪಾಲು ಬೇಕೆಂದು ಇಟ್ಟುಕೊಳ್ಳಿ. ನಿಮಿಷಕ್ಕೆ 800 ಸುತ್ತಿನಲ್ಲಿ ಆ ಹೊತ್ತಿಗೆ ಇಂಜಿನ್ 10 ಡಿಗ್ರಿಯಷ್ಟು ತಿರುಗಿರುತ್ತದೆ. 3000 ಸುತ್ತಿನಲ್ಲಿ 36 ಡಿಗ್ರಿ. ವೇಗ ಹೆಚ್ಚಿದಂತೆ ಮುಂಗಡವೂ ಹೆಚ್ಚಬೇಕು. ಹೊರೆ ಹೆಚ್ಚಿದಾಗ ಸ್ವಲ್ಪ ಹಿಂದೆಗೆಯಬೇಕು. ಫಸಲಿನ ಮೇಲೆ ಕೊಡುವ ಮುಂಗಡದಂತೆಯೇ ಇದು. ಕಡಿಮೆಯಾದರೆ ಕೆಲಸ ಸಾಗದು, ಇಂಜಿನ್ ಕಾಯ್ದು ಪೆಟ್ರೋಲ್ ಕುಡಿಯುತ್ತದೆ. ಅತಿಯಾದರೆ ಪಡೆದವನೇ ಕೆಡುತ್ತಾನೆ, ಏರಿನಲ್ಲಿ ಟಿಣ್ ಟಿಣ್ ಎಂದು ಬಡಿದು ಪಿಸ್ಟನ್ನಿಗೆ ಪೆಟ್ಟಾಗುತ್ತದೆ.

ಹಳೆಯ ಡಿಸ್ಟ್ರಿಬ್ಯೂಟರಿನಲ್ಲಿ ಈ ಲೆಕ್ಕವನ್ನು ಎರಡು ಪುಟ್ಟ ತೂಕ, ಎರಡು ಸ್ಪ್ರಿಂಗ್, ಒಂದು ರಬ್ಬರಿನ ಪೊರೆ ನೋಡಿಕೊಳ್ಳುತ್ತವೆ. ವೇಗ ಹೆಚ್ಚಿದರೆ ತೂಕಗಳು ಹೊರಕ್ಕೆ ಚಿಮ್ಮಿ ಮುಂಗಡ ಹೆಚ್ಚಿಸುತ್ತವೆ. ಹೊರೆ ಬಿದ್ದರೆ ಇಂಜಿನ್ನಿನ ಹೀರುವಿಕೆ ಕಡಿಮೆಯಾಗಿ ಪೊರೆ ಅದನ್ನು ಇಳಿಸುತ್ತದೆ. ಬಹಳ ಜಾಣ ಏರ್ಪಾಡು, ಅದರಲ್ಲಿ ಸಂಶಯವಿಲ್ಲ. ಆದರೆ 50 ವರ್ಷದ ನಂತರ ಸ್ಪ್ರಿಂಗ್ ಸಡಿಲವಾಗಿದೆ, ಪೊರೆ ಬಿರಿದಿದೆ, ನಡುವಿನ ದಂಡ ಅಲುಗಾಡುತ್ತದೆ. ಪೆಟ್ರೋಲ್ ಕೂಡ ಅಂದಿನದಲ್ಲ. ಸೀಸ ಬೆರೆಸಿದ ಪೆಟ್ರೋಲ್ 2000ದಲ್ಲಿ ದೇಶದಾದ್ಯಂತ ನಿಂತಿತು. 2025ರಲ್ಲಿ ಎಥನಾಲ್ ಬೆರಕೆ ನೂರಕ್ಕೆ 20 ಮುಟ್ಟಿತು. ಅಂದಿನ ಪೆಟ್ರೋಲಿಗೆ ಬರೆದ ಲೆಕ್ಕವನ್ನು ಇಂದಿನದಕ್ಕೆ ತಿದ್ದಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಹೊಸ ಡಿಸ್ಟ್ರಿಬ್ಯೂಟರ್ ಆ ತಿದ್ದುಪಡಿಗೆ ಅವಕಾಶ ಕೊಡುತ್ತದೆ. ನೆದರ್ಲೆಂಡ್ಸ್ ದೇಶದಲ್ಲಿ ತಯಾರಾಗುವ '123' ಹೆಸರಿನದು ಇವುಗಳಲ್ಲಿ ಪ್ರಸಿದ್ಧ. ಹೊರಗಿನಿಂದ ನೋಡಿದರೆ ಹಳೆಯದರಂತೆಯೇ ಮುಚ್ಚಳ, ರೋಟರ್, ವೈರುಗಳು. ಒಳಗೆ ಪಾಯಿಂಟ್ ಇಲ್ಲ, ತೂಕ ಸ್ಪ್ರಿಂಗುಗಳೂ ಇಲ್ಲ. ಅವುಗಳ ಜಾಗದಲ್ಲಿ ಎಲೆಕ್ಟ್ರಾನಿಕ್ ಹಲಗೆ. ಅದರ ಬ್ಲೂಟೂತ್ ಮಾದರಿಯಲ್ಲಿ, ಎಷ್ಟು ಸುತ್ತಿಗೆ ಎಷ್ಟು ಡಿಗ್ರಿ ಮುಂಗಡ, ಹೊರೆಗೆ ಎಷ್ಟು ಇಳಿಕೆ ಎಂಬುದನ್ನು ಫೋನಿನ ಪರದೆಯ ಮೇಲೆ ಗೆರೆಯಾಗಿ ಬರೆಯಬಹುದು. ಬರೆದ ಗೆರೆ ಡಿಸ್ಟ್ರಿಬ್ಯೂಟರಿನಲ್ಲೇ ಉಳಿಯುತ್ತದೆ. ಕಾರು ಓಡಲು ಫೋನ್ ಬೇಡ, ಸಿಗ್ನಲ್ಲೂ ಬೇಡ. ಇದು ನಮ್ಮ ಊರಿಗೆ ಮುಖ್ಯ. ಅಂಬಾಸಿಡರಿನ ಹಳೆಯ 1489 ಸಿಸಿ ಪೆಟ್ರೋಲ್ ಇಂಜಿನ್ ಬ್ರಿಟಿಷರ ಬಿಎಂಸಿ ಬಿ-ಸೀರೀಸ್ ವಂಶದ್ದು. 1962ರಿಂದ 1980ರವರೆಗೆ ಬಂದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರಿನದೂ ಅದೇ ವಂಶ. ಆ ಕಾರಿನ ಅಭಿಮಾನಿಗಳು ಲೋಕದಲ್ಲೆಲ್ಲ ಇರುವುದರಿಂದ ಈ ಇಂಜಿನ್ನಿಗೆ ಹೊಸ ಸಾಮಾನು ಇನ್ನೂ ತಯಾರಾಗುತ್ತಿದೆ. ನಮ್ಮ ಅದೃಷ್ಟವೆನ್ನಬೇಕು.

ನಮ್ಮ ಅನುಭವ ಹೇಳುತ್ತೇವೆ. ಡಿಸೆಂಬರಿನ ಚಳಿಯಲ್ಲೂ ಕಾರು ಮೊದಲ ಸಲಕ್ಕೇ ಎದ್ದಿತು. ನಿಂತಲ್ಲಿ ಓಡುವಾಗಿನ ನಡುಕ ಹೋಯಿತು. ಆಗ ನಮಗೆ ಆಸೆ ಹೆಚ್ಚಾಯಿತು. ಮುಂಗಡ ಹೆಚ್ಚಿಸಿದಷ್ಟೂ ಶಕ್ತಿ ಹೆಚ್ಚೀತೆಂದು ಕೆಳ ವೇಗದಲ್ಲಿ 4 ಡಿಗ್ರಿ ಏರಿಸಿದೆವು. ಬೆರಳು ಸವರಿದರೆ ಆಯಿತಲ್ಲ! ಮಾರನೆಯ ದಿನ ಮೂರು ಮೂಟೆ ಹೇರಿಕೊಂಡು ಚಾರ್ಮಾಡಿ ಘಾಟಿ ಹತ್ತುವಾಗ ಇಂಜಿನ್ ಬಳೆ ಅಲುಗಿಸಿದಂತೆ ಸದ್ದು ಮಾಡಿತು. ರಸ್ತೆ ಬದಿಗೆ ನಿಲ್ಲಿಸಿ, ಏರಿಸಿದ್ದನ್ನೆಲ್ಲ ಇಳಿಸಿದ ಮೇಲೆಯೇ ಸುಮ್ಮನಾದದ್ದು. ತಪ್ಪು ಯಂತ್ರದ್ದಲ್ಲ, ನಮ್ಮದು. ಹಿಂದೆ ಸ್ಪ್ರಿಂಗ್ ಬದಲಾಯಿಸಲು ಅರ್ಧ ದಿನ ಬೇಕಾಗುತ್ತಿತ್ತು. ಅಷ್ಟರಲ್ಲಿ ಯೋಚಿಸಲು ಸಮಯ ಸಿಗುತ್ತಿತ್ತು. ಈಗ ಕೈ ಯೋಚನೆಗಿಂತ ಮುಂದೆ ಓಡುತ್ತದೆ.

"ಹಳೆಯ ಕಾರಿಗೆ ಇಂಥದ್ದು ಹಾಕಿದರೆ ಅದು ಹಳೆಯ ಕಾರು ಹೇಗಾದೀತು?" ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ಪ್ರದರ್ಶನಕ್ಕೆ ಇಟ್ಟ ಕಾರಾದರೆ ಅವರ ಮಾತು ಸರಿ. 2021ರ ಕೇಂದ್ರ ನಿಯಮಗಳ ಪ್ರಕಾರ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲೇ ಇರುವ ವಾಹನಗಳಿಗೆ ವಿಂಟೇಜ್ ನೋಂದಣಿ ಉಂಟು. ಅಂಥ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ. ಅದನ್ನು ಬಯಸುವವರು ಒಂದು ಸ್ಕ್ರೂ ಬದಲಾಯಿಸುವ ಮೊದಲೂ ಸಾರಿಗೆ ಕಚೇರಿಯಲ್ಲಿ ಲಿಖಿತವಾಗಿ ವಿಚಾರಿಸುವುದು ಕ್ಷೇಮ. ನಮ್ಮ ಕಾರು ಕೆಲಸಕ್ಕೆ ಹೋಗುವ ಕಾರು. ಕೆಲಸ ಮಾಡುತ್ತಲೇ ಹಳೆಯದಾಗಿದೆ, ಕೆಲಸ ಮಾಡುತ್ತಲೇ ಇರಲಿ ಎಂಬುದು ನಮ್ಮ ಅಭಿಪ್ರಾಯ.

ನಮ್ಮನ್ನು ನಿಜವಾಗಿ ಕಾಡುವ ಪ್ರಶ್ನೆ ಬೇರೆ. ನಮ್ಮ ಡ್ರೈವರ್ ಈಗಿಲ್ಲ. ಕಿವಿಯಿಂದಲೇ ಟೈಮಿಂಗ್ ಹೇಳುತ್ತಿದ್ದ ಪೇಟೆಯ ಮೆಕ್ಯಾನಿಕರೂ ಬಾಗಿಲು ಹಾಕಿದ್ದಾರೆ. ಪಾಯಿಂಟ್ ಹೊಂದಿಸುವ ಕೈಗಳು ಮುಗಿಯುತ್ತಿವೆ ಎಂಬ ಕಾರಣಕ್ಕೇ ನಾವು ಎಲೆಕ್ಟ್ರಾನಿಕ್‌ಗೆ ಹೋದದ್ದು. ಆದರೆ ಆ ವಿದ್ಯೆ ಡ್ರೈವರನ ಕೈಯಿಂದ ಒಬ್ಬರ ಫೋನಿಗೆ ಹೋಗಿ ಕುಳಿತರೆ ನಾವು ಗಳಿಸಿದ್ದೇನು? ಈ ಡಿಸ್ಟ್ರಿಬ್ಯೂಟರಿಗೆ ಗುಪ್ತ ಸಂಖ್ಯೆಯ ಬೀಗವನ್ನೂ ಹಾಕಬಹುದು. ಕಳ್ಳರಿಗೆ ಅದು ಒಳ್ಳೆಯ ಅಡ್ಡಿ. ಆದರೆ ಫೋನ್ ಹಿಡಿದವರು ಬೆಂಗಳೂರಿನಲ್ಲಿದ್ದು ಲೈನ್ ಮನೆಯಲ್ಲಿ ಇನ್ನೊಬ್ಬಳಿಗೆ ನೋವು ಬಂದರೆ?

ಬೋರ್ಡೋ ದ್ರಾವಣವನ್ನು ನೆನೆಯಿರಿ. ನಮ್ಮ ಅಜ್ಜಂದಿರ ಕಾಲದಲ್ಲಿ ಅದೂ ಹೊರದೇಶದಿಂದ ಬಂದ ಹೊಸ ವಿದ್ಯೆಯೇ. ಇಂದು ಪ್ರತಿ ತೋಟದಲ್ಲೂ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಎಂಬ ಲೆಕ್ಕ ಗೊತ್ತು. ಕತ್ತಿಯ ಅಲಗು ಅದ್ದಿ ನೋಡಿ, ತಾಮ್ರದ ಬಣ್ಣ ಹಿಡಿದರೆ ಇನ್ನಷ್ಟು ಸುಣ್ಣ ಹಾಕುತ್ತೇವೆ. ಲೆಕ್ಕವೂ ಪರೀಕ್ಷೆಯೂ ಎಲ್ಲರ ಕೈಗೆ ಬಂದದ್ದರಿಂದಲೇ ಅದು ನಮ್ಮದಾಯಿತು. ಬಾಟಲಿಯಲ್ಲಿ ಬಂದು ಬಾಟಲಿಯಲ್ಲೇ ಉಳಿದಿದ್ದರೆ ಆಗುತ್ತಿರಲಿಲ್ಲ.

ಆದ್ದರಿಂದ ನಮ್ಮ ಮೂರು ಷರತ್ತುಗಳು ಇವು.

ಒಂದು: ಮೊದಲು ಉಳಿದದ್ದನ್ನು ಸರಿಮಾಡಿ. ಹಳೆಯ ರಬ್ಬರ್ ಪೈಪುಗಳು ಎಥನಾಲಿಗಾಗಿ ಮಾಡಿದವಲ್ಲ. ಪೆಟ್ರೋಲ್ ಸೋರುವ ಕಾರಿಗೆ ಒಳ್ಳೆಯ ಕಿಡಿ ಕೊಡುವುದು ಅಪಾಯ. ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದೂ ನೋಡಿ. ಹಿಂದಿನ ಬ್ರಿಟಿಷ್ ಕಾರುಗಳು ಹಲವಕ್ಕೆ ಪಾಸಿಟಿವ್ ಅರ್ಥ್ ಇತ್ತು. ತಿರುಗುಮುರುಗಾದರೆ ಎಲೆಕ್ಟ್ರಾನಿಕ್ ಹಲಗೆ ಸುಟ್ಟುಹೋದೀತು. ಅದರ ಬೆಲೆ ಆಮದು ಸುಂಕ ಸೇರಿ ಒಂದು ಒಳ್ಳೆಯ ಸಿಂಪರಣೆ ಯಂತ್ರದಷ್ಟಾಗುತ್ತದೆ.

ಎರಡು: ಹಳೆಯ ಡಿಸ್ಟ್ರಿಬ್ಯೂಟರನ್ನು ಗುಜರಿಗೆ ಹಾಕಬೇಡಿ. ಸರ್ವಿಸ್ ಮಾಡಿಸಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ, ಹೊಸ ಪಾಯಿಂಟ್, ಕಂಡೆನ್ಸರ್ ಸಹಿತ ಡಿಕ್ಕಿಯಲ್ಲಿಡಿ. ಎಲೆಕ್ಟ್ರಾನಿಕ್ ಹಲಗೆ ಕೆಟ್ಟರೆ ಬೆಂಕಿಪೊಟ್ಟಣದಿಂದ ರಿಪೇರಿಯಾಗದು. ಹಳೆಯದನ್ನು ಕೂರಿಸಿ ಮನೆ ಸೇರಬಹುದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಅದನ್ನು ಹಾಕಿ ತೆಗೆದು ಅಭ್ಯಾಸ ಮಾಡಿ.

ಮೂರು: ಗೆರೆಯನ್ನು ಕಾಗದಕ್ಕೆ ಇಳಿಸಿ. ಎಷ್ಟು ಸುತ್ತಿಗೆ ಎಷ್ಟು ಡಿಗ್ರಿ, ಯಾವ ದಿನ ಏನು ಬದಲಾಯಿಸಿದಿರಿ, ಘಾಟಿಯಲ್ಲಿ ಏನು ಕೇಳಿಸಿತು, ಎಲ್ಲವನ್ನೂ ಬರೆದಿಡಿ. ನಾವು ಮಳೆ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯುತ್ತಿದ್ದೇವೆ. ಗುಪ್ತ ಸಂಖ್ಯೆ ಮನೆಯಲ್ಲಿ ಕನಿಷ್ಠ ಇಬ್ಬರಿಗೆ, ಡ್ರೈವರ್ ಸೇರಿ, ಗೊತ್ತಿರಲಿ.

ಈಗ ನಮ್ಮ ಕಾರು ಓಡಿಸುವ ಹುಡುಗ ಫೋನಿನಲ್ಲಿ ನಮಗಿಂತ ಚುರುಕು. ಪಾಯಿಂಟ್ ಎಂದರೇನೆಂದು ಮಾತ್ರ ತಿಳಿದಿರಲಿಲ್ಲ. ಕಳೆದ ತಿಂಗಳು ಹಳೆಯ ಡಿಸ್ಟ್ರಿಬ್ಯೂಟರ್ ಬಿಚ್ಚಿ ಅವನ ಎದುರಿಗಿಟ್ಟೆವು. ತೂಕಗಳನ್ನು ಬೆರಳಿನಿಂದ ಹೊರಕ್ಕೆ ತಳ್ಳಿ ಬಿಟ್ಟು, ಮತ್ತೆ ತಳ್ಳಿ ಬಿಟ್ಟು ನೋಡಿದ. "ಫೋನಿನಲ್ಲಿರುವ ಗೆರೆ ಇದೇ ತಾನೇ?" ಎಂದ. ಹೌದು, ಇದೇ ಎಂದೆವು.

ಹಳೆಯ ವಾಹನಗಳುಳ್ಳ ಸದಸ್ಯರು ತಮ್ಮ ಅನುಭವಗಳನ್ನು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಹಳೆಯ ಡಿಸ್ಟ್ರಿಬ್ಯೂಟರ್ ನೋಡಬಯಸುವ ಮನೆಮಕ್ಕಳಿದ್ದರೆ ಕಚೇರಿಗೆ ಕಳಿಸಿ. ಸಂತೆಯ ದಿನ ಮಧ್ಯಾಹ್ನದವರೆಗೆ ಅದು ನಮ್ಮ ಮೇಜಿನ ಮೇಲೆಯೇ ಇರುತ್ತದೆ.

— ಕಾರ್ಯದರ್ಶಿ