ಸೈರನ್ ಕೂಗಿದರೆ ಸಾಲದು, ಓಡಿ ಬರುವವರು ಬೇಕು

ಮಂಗಳೂರಿನಲ್ಲಿ ಎಲ್ಲೇ ಮನೆಗಳ್ಳತನವಾಗಲಿ, ಅದರ ಬೆನ್ನಿಗೆ ಒಂದು ಸಲಹೆ ಬಂದೇ ಬರುತ್ತದೆ: ಮನೆಗೆ ಸಿಸಿಟಿವಿ ಹಾಕಿಸಿ, ಅಲಾರಂ ಕೂರಿಸಿ. ಪೊಲೀಸರೂ ಇದನ್ನೇ ಹೇಳುತ್ತಾರೆ, ಉಪಕರಣ ಮಾರುವವರೂ ಇದನ್ನೇ ಹೇಳುತ್ತಾರೆ. ಸಲಹೆ ಸುಳ್ಳಲ್ಲ, ಆದರೆ ಅದು ಅರ್ಧ ಮಾತು. ಉಳಿದರ್ಧವನ್ನು ಯಾರೂ ಹೇಳದ ಕಾರಣ, ಗೋಡೆಗೆ ನಾಲ್ಕು ಕ್ಯಾಮೆರಾ ಬಿಗಿದವರು ಇನ್ನು ಭಯವಿಲ್ಲ ಎಂದು ನೆಮ್ಮದಿಯಿಂದ ಮಲಗುತ್ತಿದ್ದಾರೆ. ಈ ನೆಮ್ಮದಿಗೆ ಆಧಾರ ಸಾಲದು. ಯಂತ್ರಕ್ಕೆ ಕೂಗುವುದಷ್ಟೇ ಗೊತ್ತು. ಕೂಗಿಗೆ ಓಗೊಡುವವರ ವ್ಯವಸ್ಥೆ ಮಾಡದೆ ಅದನ್ನು ರಕ್ಷಣೆ ಎಂದು ಕರೆಯುವುದು ಜನರಿಗೆ ಮಾಡುವ ಮೋಸ.

2024ರ ಜುಲೈ ನೆನಪಿಸಿಕೊಳ್ಳಿ. ಕೋಡಿಕಲ್‌ನಲ್ಲಿ ಕಳ್ಳತನ ನಡೆದು, ಚಡ್ಡಿ ಗ್ಯಾಂಗಿನ ಸಿಸಿಟಿವಿ ದೃಶ್ಯ ಊರೆಲ್ಲ ಹರಿದಾಡಿತ್ತು. ಜನ ಬಾಗಿಲ ಚಿಲಕವನ್ನು ಎರಡೆರಡು ಸಲ ನೋಡಿ ಮಲಗುತ್ತಿದ್ದ ದಿನಗಳವು. ಅಷ್ಟರಲ್ಲೇ ಜುಲೈ 9ರ ನಸುಕಿನಲ್ಲಿ ಕೋಟೆಕಣಿಯ ವೃದ್ಧ ದಂಪತಿಯ ಮನೆಗೆ ತಂಡವೊಂದು ನುಗ್ಗಿ, ಅವರ ಮೇಲೆ ಹಲ್ಲೆ ನಡೆಸಿ, ಚಿನ್ನಾಭರಣ ದೋಚಿ, ಅವರದೇ ಕಾರಿನಲ್ಲಿ ಪರಾರಿಯಾಯಿತು. ಕೆಲವೇ ಗಂಟೆಗಳಲ್ಲಿ ಆರೋಪಿಗಳು ಸಕಲೇಶಪುರದ ಬಳಿ ಬಸ್ಸಿನಲ್ಲಿ ಸಿಕ್ಕಿಬಿದ್ದರು. ಆ ಚುರುಕಿಗೆ ಪೊಲೀಸರನ್ನು ಮೆಚ್ಚಲೇಬೇಕು. ಆದರೆ ಕೋಡಿಕಲ್‌ನ ದೃಶ್ಯ ಕೋಟೆಕಣಿಯ ಹಲ್ಲೆಯನ್ನು ತಡೆಯಲಿಲ್ಲ ಎಂಬ ಸತ್ಯವನ್ನೂ ಒಪ್ಪಿಕೊಳ್ಳಬೇಕು.

2025ರ ಜನವರಿ 17ರಂದು ಕೋಟೆಕಾರು ಸಹಕಾರಿ ಸಂಘದ ಕೆ.ಸಿ. ರೋಡ್ ಶಾಖೆಗೆ ಮುಸುಕುಧಾರಿಗಳು ನುಗ್ಗಿದ್ದು ಹಾಡಹಗಲೇ. ಆ ಹೊತ್ತಿಗೆ ಅಲ್ಲಿನ ಸಿಸಿಟಿವಿ ದುರಸ್ತಿಯಲ್ಲಿತ್ತು. ದುರಸ್ತಿಗೆ ಬಂದಿದ್ದ ಕೆಲಸಗಾರನ ಉಂಗುರವನ್ನೂ ದರೋಡೆಕೋರರು ಬಿಡಲಿಲ್ಲ. ಅದೇ ತಿಂಗಳ ಆರಂಭದಲ್ಲಿ ವಿಟ್ಲ ಸಮೀಪದ ಬೋಳಂತೂರಿನಲ್ಲಿ ಇ.ಡಿ. ಅಧಿಕಾರಿಗಳ ಸೋಗಿನಲ್ಲಿ ಬಂದವರು ಬೀಡಿ ಉದ್ಯಮಿಯ ಮನೆಯಿಂದ ಸುಮಾರು 30 ಲಕ್ಷ ರೂಪಾಯಿ ಹೊತ್ತೊಯ್ದರು. 2024ರ ಜೂನ್‌ನಲ್ಲಿ ನಡೆದ ಉಳಾಯಿಬೆಟ್ಟು ದರೋಡೆಯಲ್ಲಿ, ಮನೆಯ ಯಜಮಾನರ ಬಳಿ ಕೆಲಸಕ್ಕಿದ್ದ ಚಾಲಕನೇ ಒಳಸುಳಿವು ಕೊಟ್ಟಿದ್ದ ಎಂದರು ಪೊಲೀಸರು. ಗುರುತಿನ ಚೀಟಿ ತೋರಿಸಿ ಬಂದವರಿಗೆ ನಾವೇ ಬಾಗಿಲು ತೆಗೆದರೆ, ಮನೆಯ ಒಳಹೊರಗು ಬಲ್ಲವನೇ ದಾರಿ ತೋರಿಸಿದರೆ, ಯಾವ ಸೆನ್ಸರ್ ತಾನೇ ಏನು ಮಾಡೀತು?

ಇನ್ನು ಈ ಅಲಾರಂ ಕೂಗುವುದು ಯಾರ ಕಿವಿಯಲ್ಲಿ? ಕದ್ರಿ, ಬೆಂದೂರ್‌ವೆಲ್, ಬಿಜೈ, ಫಳ್ನೀರ್‌ಗಳಲ್ಲಿ ಅಪ್ಪ ಅಮ್ಮ ಇಬ್ಬರೇ ಇರುವ ಮನೆಗಳು ಬೇಕಾದಷ್ಟಿವೆ. ಮಕ್ಕಳು ದುಬೈಯಲ್ಲಿ, ದೋಹಾದಲ್ಲಿ, ಅಮೆರಿಕದಲ್ಲಿ. ಕ್ಯಾಮೆರಾ ಹಾಕಿಸಿದವರು ಮಕ್ಕಳು, ಸೂಚನೆ ಹೋಗುವುದು ಅವರ ಮೊಬೈಲಿಗೆ. ಸಾಮಾನ್ಯವಾಗಿ ಮನೆಯ ಅಲಾರಂಗೂ ಪೊಲೀಸ್ ಠಾಣೆಗೂ ನೇರ ಸಂಪರ್ಕವೇ ಇರುವುದಿಲ್ಲ. ಅಮ್ಮನ ಕಿರುಚಾಟ ಪಕ್ಕದ ಮನೆಗೆ ಕೇಳುವ ಮೊದಲು ದೋಹಾಕ್ಕೆ ಕೇಳಿದರೆ ಮಗ ಮಾಡುವುದೇನು? ಸಾಲ್ಟ್ ಲೇಕ್ ಸಿಟಿಯಂಥ ಅಮೆರಿಕದ ನಗರವೇ ಸುಳ್ಳು ಅಲಾರಂಗಳ ಕಾಟ ತಾಳಲಾರದೆ, ಯಾರಾದರೂ ಸ್ಥಳಕ್ಕೆ ಹೋಗಿ ಖಚಿತಪಡಿಸಿದ ಮೇಲೆಯೇ ಪೊಲೀಸರು ಹೋಗಬೇಕೆಂದು 2000ರಲ್ಲೇ ನಿಯಮ ಮಾಡಿತು. ಅಲ್ಲಿಯೂ ಕೊನೆಗೆ ಬೇಕಾದದ್ದು ಸ್ಥಳಕ್ಕೆ ಹೋಗುವ ಮನುಷ್ಯ.

ಬೆಂಕಿಯ ವಿಷಯ ಇದಕ್ಕಿಂತ ಗಂಭೀರ. 2023ರ ನವೆಂಬರ್‌ನಲ್ಲಿ ಅತ್ತಾವರದ ವಸತಿ ಸಮುಚ್ಚಯವೊಂದರಲ್ಲಿ ನಸುಕಿನ ಹೊತ್ತು ಬೆಂಕಿ ಹೊತ್ತಿಕೊಂಡು ಮಹಿಳೆಯೊಬ್ಬರು ಉಸಿರುಗಟ್ಟಿ ಮೃತಪಟ್ಟರು. ಇಂಥ ಬೆಂಕಿಯಲ್ಲಿ ಉರಿಗಿಂತ ಮೊದಲು ಕೊಲ್ಲುವುದು ಹೊಗೆ. ಹೊಗೆ ಪತ್ತೆ ಮಾಡುವ ಉಪಕರಣ ಇರಲೇಬೇಕು, ನಿಜ. ಆದರೆ ಅದರ ಮಿತಿಗಳನ್ನು ಕೊಳ್ಳುವವರಿಗೆ ಯಾರು ಹೇಳುತ್ತಾರೆ? ಮುಚ್ಚಿದ ಕೋಣೆಯೊಳಗಿನ ಹೊಗೆ ಹಾಲ್‌ನ ಡಿಟೆಕ್ಟರ್‌ಗೆ ತಲುಪುವುದು ತಡವಾಗಿ. ಸೋರುವ ಅಡುಗೆ ಅನಿಲ ಗಾಳಿಗಿಂತ ಭಾರ, ಅದು ನೆಲದ ಮಟ್ಟದಲ್ಲೇ ಹರಡುತ್ತದೆ. ಚಾವಣಿಯ ಹೊಗೆ ಡಿಟೆಕ್ಟರ್‌ಗೆ ಅದರ ಸುಳಿವೂ ಸಿಗದು. ಸಾಮಾನ್ಯ ಅಲಾರಂನ ಕೀರಲು ಸದ್ದು ಸುಮಾರು 3,000 ಹರ್ಟ್ಸ್‌ನದು. ವಯಸ್ಸಾದಂತೆ ಮಂದವಾಗುವುದು ಇಂಥ ಮೇಲುಸ್ತರದ ಸದ್ದು ಕೇಳುವ ಶಕ್ತಿಯೇ. ತಗ್ಗಿದ ಸ್ವರದ, 520 ಹರ್ಟ್ಸ್‌ನ ಅಲಾರಂ ವೃದ್ಧರನ್ನು ಚೆನ್ನಾಗಿ ಎಬ್ಬಿಸುತ್ತದೆ. ವೃದ್ಧರೇ ಒಂಟಿಯಾಗಿರುವ ಈ ಊರಿನಲ್ಲಿ ಅದನ್ನು ಕೇಳಿ ಕೊಳ್ಳುವವರೆಷ್ಟು ಮಂದಿ?

ಇದರ ಮೇಲೆ ನಮ್ಮ ಹವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಉಪ್ಪು ಗಾಳಿ, ಸಿಡಿಲು, ಕರೆಂಟು ಕಡಿತ. ಸರ್ಕ್ಯೂಟಿಗೆ ತುಕ್ಕು ಹಿಡಿಯುತ್ತದೆ, ಡಿಟೆಕ್ಟರ್ ಒಳಗೆ ಜೇಡ ಗೂಡು ಕಟ್ಟುತ್ತದೆ, ಅಲಾರಂ ಸುಮ್ಮಸುಮ್ಮನೆ ಕೂಗುತ್ತದೆ, ಬೇಸತ್ತವರು ಅದನ್ನು ಆರಿಸುತ್ತಾರೆ. ನಿಮ್ಮ ಅಪಾರ್ಟ್‌ಮೆಂಟಿನ ಕಾರಿಡಾರಿನಲ್ಲಿ ಒಮ್ಮೆ ತಲೆಯೆತ್ತಿ ನೋಡಿ: ಪೇಂಟಿಂಗ್ ವೇಳೆ ಡಿಟೆಕ್ಟರ್‌ಗೆ ಹಾಕಿದ ಪ್ಲಾಸ್ಟಿಕ್ ಮುಚ್ಚಳ ಈಗಲೂ ಅಲ್ಲೇ ಇರಬಹುದು. ವಾಚ್‌ಮನ್ ಕೋಣೆಯ ಪ್ಯಾನೆಲ್‌ನಲ್ಲಿ ‘ಫಾಲ್ಟ್’ ದೀಪ ಮಿಣುಕುತ್ತಿರಬಹುದು. ಅದರ ಅರ್ಥವೇನೆಂದು ಆತನಿಗೆ ಯಾರಾದರೂ ಹೇಳಿಕೊಟ್ಟಿದ್ದಾರೆಯೇ, ಕೇಳಿ ನೋಡಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಕಳ್ಳರ ಭಯದಿಂದ ನಾವೇ ಕಟ್ಟಿಕೊಂಡದ್ದು. ಕಿಟಕಿಗೆ ಗ್ರಿಲ್, ಬಾಲ್ಕನಿಗೆ ಗ್ರಿಲ್, ಮೆಟ್ಟಿಲ ಬುಡದಲ್ಲಿ ಕೊಲಾಪ್ಸಿಬಲ್ ಗೇಟು, ಟೆರೇಸಿಗೆ ಬೀಗ. ಬೆಂಕಿ ಬಿದ್ದ ದಿನ ಇವೇ ನಮ್ಮನ್ನು ಒಳಗೆ ಕೂಡಿಹಾಕುತ್ತವೆ. ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಮಂದಿ ಸತ್ತರು. ಹೊರದಾರಿಗೆ ಬೀಗ ಬಿದ್ದಿದ್ದರೆ ಏನಾಗುತ್ತದೆ ಎಂಬ ಪಾಠವನ್ನು ರಾಜ್ಯ ಅಂದೇ ಕಲಿಯಬೇಕಿತ್ತು.

ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಇರಲಿ ಎನ್ನುವವರಿದ್ದಾರೆ. ಒಪ್ಪುತ್ತೇನೆ. ಕ್ಯಾಮೆರಾ ತನಿಖೆಗೆ ನೆರವಾಗುತ್ತದೆ, ಹೊಗೆಯ ಅಲಾರಂ ಜೀವ ಉಳಿಸುತ್ತದೆ. ನನ್ನ ತಕರಾರು ಉಪಕರಣದ ಮೇಲಲ್ಲ. ಅದನ್ನು ಮುಂದಿಟ್ಟು ತಮ್ಮ ಹೊಣೆಯನ್ನು ಮನೆಯವರ ತಲೆಗೆ ಕಟ್ಟುವವರ ಮೇಲೆ.

ಆದ್ದರಿಂದ ಕೇಳಬೇಕಾದ್ದನ್ನು ನೇರವಾಗಿ ಕೇಳೋಣ. ಪೊಲೀಸ್ ಕಮಿಷನರೇಟ್ ಸಲಹೆಯ ಜೊತೆಗೆ ಲೆಕ್ಕವನ್ನೂ ಕೊಡಲಿ: ಯಾವ ಬಡಾವಣೆಯಲ್ಲಿ ರಾತ್ರಿ ಗಸ್ತು ಎಷ್ಟು, 112ಕ್ಕೆ ಕರೆ ಮಾಡಿದರೆ ಎಷ್ಟು ನಿಮಿಷದಲ್ಲಿ ವಾಹನ ಬರುತ್ತದೆ. ಪಾಂಡೇಶ್ವರ ಮತ್ತು ಕದ್ರಿ ಠಾಣೆಗಳ ಅಗ್ನಿಶಾಮಕ ವಾಹನ ಒಳಗೆ ಬರಲಾರದಷ್ಟು ಇಕ್ಕಟ್ಟಾದ ಗಲ್ಲಿಯಲ್ಲಿ ಬಹುಮಹಡಿ ಕಟ್ಟಡಕ್ಕೆ ಮಹಾನಗರ ಪಾಲಿಕೆ ಪರವಾನಗಿ ಕೊಡದಿರಲಿ. ಅಗ್ನಿಶಾಮಕ ಇಲಾಖೆಯ ತಪಾಸಣಾ ವರದಿ ಕಡತದಲ್ಲಿ ಕೊಳೆಯದೆ ಪ್ರತಿ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕನ್ನಡದಲ್ಲಿ ತೂಗಲಿ. ಮಾರುವವರು ತಮ್ಮ ಉಪಕರಣ ಏನನ್ನು ಮಾಡಲಾರದು ಎಂಬುದನ್ನೂ ಕನ್ನಡದಲ್ಲೇ ಬರೆದುಕೊಡಲಿ.

ಮನೆಯವರು ಮಾಡಬೇಕಾದ್ದೂ ಇದೆ. ಒಂದು ಗ್ರಿಲ್ ಆದರೂ ಒಳಗಿನಿಂದ ತೆರೆಯುವಂತಿರಲಿ, ಅದರ ಕೀಲಿ ಎಲ್ಲಿದೆ ಎಂಬುದು ಮನೆಮಂದಿಗೆಲ್ಲ ಗೊತ್ತಿರಲಿ. ಅಸೋಸಿಯೇಷನ್‌ಗಳು ವರ್ಷಕ್ಕೆ ಎರಡು ಬಾರಿಯಾದರೂ ಎಲ್ಲರನ್ನೂ ಮೆಟ್ಟಿಲಿಳಿಸಿ ಅಣಕು ಕಾರ್ಯಾಚರಣೆ ನಡೆಸಲಿ. ವಿದೇಶದಲ್ಲಿರುವ ಮಕ್ಕಳು ತಮ್ಮ ಮೊಬೈಲಿನ ಜೊತೆಗೆ ನೆರೆಕರೆಯ ಇಬ್ಬರ ನಂಬರನ್ನೂ ಅಲಾರಂಗೆ ಸೇರಿಸಲಿ. ಊರಿಗೆ ಬಂದಾಗ ಆ ಇಬ್ಬರ ಮನೆಗೆ ಹೋಗಿ, ನಮ್ಮ ಅಪ್ಪ ಅಮ್ಮನನ್ನು ಸ್ವಲ್ಪ ನೋಡಿಕೊಳ್ಳಿ ಎಂದು ಬಾಯಿಬಿಟ್ಟು ಕೇಳಲಿ. ಹೊಸ ಕ್ಯಾಮೆರಾ ಕೊಳ್ಳುವ ಮೊದಲು ಈ ಕೆಲಸ ಆಗಲಿ.